ಸೋಸದ ನೀರು

ನಮ್ಮ ಮನೆಯ ಗಾಡಿ ಎಷ್ಟು ನೀರು ಕುಡಿಯುತ್ತದೆ ಎಂದು ನಾನು ಬರೆದಿಡಲು ತೊಡಗಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಮಳೆ ಬಂದ ದಿನಗಳನ್ನು, ಬಾವಿಯ ನೀರಿನ ಮಟ್ಟವನ್ನು, ಊಟಕ್ಕೆ ಕೂತವರ ಸಂಖ್ಯೆಯನ್ನು ಬರೆಯುತ್ತಿದ್ದೆ. ಬರೆಯದಿದ್ದರೆ ಆ ದಿನ ಮುಗಿದಂತೆಯೇ ಅನ್ನಿಸುತ್ತಿರಲಿಲ್ಲ. ಈಗ ಇಪ್ಪತ್ತಾರು ನಡೆಯುತ್ತಿದೆ, ಒಂಬತ್ತು ನೋಟ್‌ಬುಕ್ಕುಗಳಾಗಿವೆ. ಅವುಗಳಲ್ಲಿ ಗೊತ್ತಿದ್ದೂ ತಪ್ಪು ಬರೆದದ್ದು ಒಂದೇ ಒಂದು ಸಾಲು. ಇಲ್ಲಿ ಹೇಳಬೇಕಾಗಿರುವುದು ಅದನ್ನೇ.

ಈ ಮೋಟಾರು ಗಾಡಿಯನ್ನು ತಂದವರು ನಮ್ಮ ಅಜ್ಜ, ಎರಡನೆಯ ಮಹಾಯುದ್ಧಕ್ಕೂ ಮುಂಚೆ. ಅಜ್ಜ ಹೋದರೂ ಗಡಹಿಂಗ್ಲಜದ ನಮ್ಮ ಮನೆಯ ತಗಡಿನ ಛಪ್ಪರದಲ್ಲಿ ಗಾಡಿ ಉಳಿಯಿತು. ಅಪ್ಪನಿಗೆ ಬೆಲ್ಲ, ಮೆಣಸಿನಕಾಯಿಯ ವ್ಯಾಪಾರ. ಗಾಡಿ ಓಡಿಸಲು ಬರುತ್ತಿದ್ದುದು ಮನೆಯಲ್ಲಿ ನನಗೊಬ್ಬನಿಗೇ. ಅದರ ಎಂಜಿನ್‌ಗೆ ನೀರಿನ ಪಂಪ್ ಇರಲಿಲ್ಲ. ಬಿಸಿಯಾದ ನೀರು ತಾನಾಗಿ ಮೇಲೇರಿ ಮುಂದಿನ ರೇಡಿಯೇಟರಿಗೆ ಬರಬೇಕು, ಅಲ್ಲಿ ಗಾಳಿಗೆ ತಣಿದು ಕೆಳಗಿಳಿದು ಮತ್ತೆ ಎಂಜಿನ್ ಸೇರಬೇಕು. ಒಲೆಯ ಮೇಲಿನ ಹಂಡೆಯಲ್ಲಿ ನೀರು ಹೊರಳುತ್ತದಲ್ಲ, ಹಾಗೆ. ಸಪಾಟು ರಸ್ತೆಯಲ್ಲಿ ಇದು ನಡೆಯುತ್ತಿತ್ತು. ಏರು ಬಂತೆಂದರೆ ನೀರು ಕುದಿದು ಮುಚ್ಚಳದ ಸುತ್ತ ಉಗಿ ಏಳುತ್ತಿತ್ತು. ಆಗ ನಿಲ್ಲಿಸಿ, ಆರಲು ಬಿಟ್ಟು, ಫುಟ್‌ಬೋರ್ಡಿನ ಮೇಲೆ ಹಗ್ಗದಿಂದ ಕಟ್ಟಿದ ಡಬ್ಬಿಗಳಿಂದ ನೀರು ಹೊಯ್ಯಬೇಕು. ಕೊಲ್ಲಾಪುರಕ್ಕೆ ಹೋಗಿಬಂದ ಹದಿನಾಲ್ಕು ಸಲದ ಲೆಕ್ಕ ನನ್ನ ಬಳಿ ಇದೆ: ನಿಂತದ್ದು ಐವತ್ತೊಂದು ಸಲ, ಹೊಯ್ದದ್ದು ಇಪ್ಪತ್ತೊಂಬತ್ತು ಡಬ್ಬಿ.

ಆ ಇಪ್ಪತ್ತೊಂಬತ್ತೂ ಡಬ್ಬಿಗಳ ನೀರು ಸೋಸಿದ್ದು. ನಾವು ಜೈನರು, ವ್ರತ ಹಿಡಿದ ಗೃಹಸ್ಥ ಶ್ರಾವಕರು; ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಮ್ಮಲ್ಲಿ ನೀರನ್ನು ಎರಡು ಪದರದ ದಪ್ಪ ಅರಿವೆಯಲ್ಲಿ ಸೋಸದೆ ಕುಡಿಯುವುದಿಲ್ಲ, ಒಲೆಗೆ ಏರಿಸುವುದಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣುವ, ಕಾಣದ ಜೀವಗಳಿರುತ್ತವೆ. ಸೋಸಿದ ಮೇಲೆ ಅರಿವೆಯನ್ನು ಮಗುಚಿ, ನೀರು ಹೊಯ್ದು, ಅದರಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡಬೇಕು. ಬೇರೆ ಬಾವಿಗೆ ಬಿಟ್ಟರೆ ಅವು ಬದುಕುವುದಿಲ್ಲ. ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ಗಾಡಿಯಲ್ಲೂ ನೀರು ಕುದಿಯುತ್ತದೆ ಎಂದು ಗೊತ್ತಾದ ದಿನವೇ ಆಯಿ ಗಾಡಿಯ ನೀರಿಗೂ ಅರಿವೆ ಕಟ್ಟಿದ್ದಳಂತೆ.

"ನಮ್ಮ ಗಾಡಿನೂ ಶ್ರಾವಕ ಆಗೈತಿ" ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. "ಹೊತ್ತ ಮುಳಗಿದ ಮ್ಯಾಲೆ ಪೆಟ್ರೋಲನೂ ಕುಡ್ಯಾಂಗಿಲ್ಲ."

"ನಗ್ರಿ, ನಗ್ರಿ" ಎನ್ನುತ್ತಿದ್ದಳು ಆಯಿ. "ಕುದಿಯೂ ನೀರಾಗ ನಿಮ್ಮನ್ನ ಬಿಟ್ರ ತಿಳೀತೈತಿ."

ಅರವತ್ತಮೂರರ ಬೇಸಿಗೆಯಲ್ಲಿ, ಡಿಗ್ರಿ ಪರೀಕ್ಷೆ ಮುಗಿಸಿದ ಮೇಲೆ, ನಾನು ಗಾಡಿಯನ್ನು ಕೊಲ್ಲಾಪುರದ ಒಬ್ಬ ಮಿಸ್ತ್ರಿಯ ಬಳಿ ಒಯ್ದೆ. ಹೊಲದ ಎಂಜಿನ್‌ಗಳ ಭಾಗಗಳನ್ನು ಎರಕ ಹೊಯ್ಯುವವನು, ಮರಾಠಿಯವನು, ನಮ್ಮ ಕಡೆಯ ಗಿರಾಕಿಗಳಿಂದ ಕನ್ನಡ ಕಲಿತವನು. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ.

"ಹಳೇ ಗಾಡಿಗೆ ನೀರ ಸಾಲೂದಿಲ್ಲ ಅಂತಾರ ಎಲ್ಲಾರೂ. ಸಾಲತೈತ್ರಿ. ಆದ್ರ ತಿರಗೂದಿಲ್ಲ. ತಿರಗಸೋಣ, ಬಘಾ, ನೋಡ್ರಿ."

ಮೂರು ವಾರ ಹಿಡಿಯಿತು. ನೀರನ್ನು ತಳ್ಳಲು ಒಂದು ಪಂಪಿನ ಅಚ್ಚು ಮಾಡಿ ಎರಕ ಹೊಯ್ದ. ಜೇನುಗೂಡಿನಂಥ ಹಳೆಯ ರೇಡಿಯೇಟರ್ ತೆಗೆದು, ಲಾರಿಯೊಂದರ ರೇಡಿಯೇಟರನ್ನು ಅಳತೆಗೆ ಕತ್ತರಿಸಿ ಬೆಸುಗೆ ಹಾಕಿಸಿದ. ಅದರಲ್ಲಿ ನಳಿಗೆಗಳು ಎರಡರಷ್ಟಿದ್ದವು, ಆದರೆ ಒಂದೊಂದೂ ಚಪ್ಪಟೆ, ಬಹಳ ಸಣ್ಣದು. ಫ್ಯಾನಿನ ಜೊತೆ ಪಂಪನ್ನೂ ತಿರುಗಿಸಲು ಗಟ್ಟಿ ಚರ್ಮದ ಪಟ್ಟಾ ಬೇಕಾಯಿತು. ಅದಕ್ಕೆ ನಾನು ಬಸ್ಸಿನಲ್ಲಿ ಇಚಲಕರಂಜಿಗೆ ಹೋದೆ. ಅಲ್ಲಿ ಆಯಿಯ ತಂಗಿ ಇದ್ದಳು, ನಮಗೆ ಸಣ್ಣಾಯಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಗಂಡನ ಅಣ್ಣನ ಮಗನ ಮನೆಯಲ್ಲಿ ಬಾಳು ಕಳೆದವಳು. ಆ ಮನೆಯ ಹಿತ್ತಲಲ್ಲಿ ಎಂಟು ಪಾವರ್‌ಲೂಮ್ ಇದ್ದವು. ಮಾತಾಡಿದ್ದು ಕೇಳಬೇಕಾದರೆ ಕಿವಿಯ ಹತ್ತಿರ ಬಾಯಿ ಒಯ್ಯಬೇಕು.

"ಮಗ್ಗದ ಪಟ್ಟಾ ಗಾಡಿ ಎಳೀತೈತೇನೋ?" ಎಂದು ಸಣ್ಣಾಯಿ ಪಟ್ಟಾ ಮುಟ್ಟಿ ನೋಡಿದಳು. ಹೊರಡುವಾಗ, "ಅಕ್ಕ ಆರಾಮ ಅದಾಳ?" ಎಂದಳು. ಆರಾಮ ಇದ್ದಾಳೆ ಎಂದೆ. ಅಷ್ಟೇ. ಇಬ್ಬರೂ ಒಬ್ಬರನ್ನೊಬ್ಬರು ವಿಚಾರಿಸುತ್ತಿದ್ದುದು ಯಾವಾಗಲೂ ಅಷ್ಟೇ.

ಕೆಲಸ ಮುಗಿದ ದಿನ ಮಿಸ್ತ್ರಿ ನಳಿಗೆಗಳ ಮೇಲೆ ಬೆರಳಾಡಿಸಿ ಹೇಳಿದ: "ಹಳೇ ರೇಡಿಯೇಟರ್ ಎಮ್ಮಿ ಇದ್ದಂಗ ಇತ್ರಿ, ರಾಡಿ ನೀರನೂ ಕುಡೀತಿತ್ತು. ಇದರ ಗಂಟಲಾ ಬಾರೀಕ ಐತಿ. ಸ್ವಚ್ಛ ನೀರ ಹಾಕ್ರಿ. ತಿಂಗಳಿಗೊಮ್ಮೆ ಎಲ್ಲಾ ತಗದು ಹೊಸಾದು ತುಂಬ್ರಿ."

"ನಮ್ಮ ಅಜ್ಜಿ ಗಾಡಿಗೂ ಸೋಸಿದ ನೀರ ಹಾಕಸ್ತಾರ್ರಿ" ಎಂದೆ, ಹೆಮ್ಮೆಯಿಂದ.

ಅವನು ನಕ್ಕ. "ಹಂಗಾರ ನಿಮ್ಮ ಆಜೀನ ಖರೇ ಮಿಸ್ತ್ರಿ ಬಿಡ್ರಿ."

ಈ ಮಾತನ್ನು ಅಂದೇ ಬರೆದುಕೊಂಡಿದ್ದೇನೆ. ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದೇನೆ.

ಜೂನ್ ತಿಂಗಳಲ್ಲಿ ಐದು ಸಲ ಕೊಲ್ಲಾಪುರ, ಎರಡು ಸಲ ಮುರಗೂಡ, ಒಂದು ಸಲ ಉತ್ತೂರ. ನಿಂತದ್ದು ಸೊನ್ನೆ, ಡಬ್ಬಿ ಸೊನ್ನೆ. ಆ ಎರಡು ಸೊನ್ನೆಗಳನ್ನು ಬರೆಯುವಾಗ ಆದ ಸಂತೋಷ ನನಗೆ ಪರೀಕ್ಷೆಯ ಫಲಿತಾಂಶದಲ್ಲೂ ಆಗಲಿಲ್ಲ. ಜುಲೈ ಬರುವ ಹೊತ್ತಿಗೆ ಫುಟ್‌ಬೋರ್ಡಿನ ಡಬ್ಬಿಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ.

ಜುಲೈ ನಡುವೆ ಇಚಲಕರಂಜಿಯಿಂದ ಪತ್ರ ಬಂತು. ಸಣ್ಣಾಯಿ ಸಲ್ಲೇಖನ ಹಿಡಿದಿದ್ದಳು. ದೇಹ ಇನ್ನು ಸಾಕು ಎಂದು ತಿಳಿದವರು ಅನ್ನವನ್ನು, ಆಮೇಲೆ ನೀರನ್ನು, ಒಂದೊಂದಾಗಿ ಬಿಡುತ್ತ ಹೋಗುವ ವ್ರತ ಅದು. ಚತುರ್ದಶಿಯ ದಿನ ಸೂರ್ಯ ಮುಳುಗಿದ ಮೇಲೆ ಮಾತನ್ನೂ ಬಿಡುತ್ತಾಳೆ, ಅದಕ್ಕೂ ಮೊದಲು ಎಲ್ಲರಿಂದ ಕ್ಷಮೆ ಕೇಳಿಕೊಳ್ಳಬೇಕಂತೆ, ಅಕ್ಕ ಬರಲಿ ಎಂದು ಬರೆಸಿದ್ದಳು. ಪತ್ರ ನಮ್ಮ ಕೈಗೆ ಬಂದಾಗ ಚತುರ್ದಶಿಗೆ ಎರಡು ದಿನ ಉಳಿದಿತ್ತು.

"ಬಸ್ಸಿಗೆ ಹೋಗೂಣೇನು?" ಎಂದಳು ಆಯಿ.

"ಬಸ್ ಯಾಕ ಆಯಿ? ಗಾಡ್ಯಾಗ ಮೂರ ತಾಸು" ಎಂದೆ. ಬಸ್ಸೆಂದರೆ ಸಂಕೇಶ್ವರದಲ್ಲಿ ಇಳಿ, ನಿಪ್ಪಾಣಿಯಲ್ಲಿ ಇಳಿ. ಆದರೂ ಬಸ್ಸಿಗೇ ಹೋಗಿದ್ದರೆ ಹೊತ್ತಿಗೆ ಮುಟ್ಟುತ್ತಿದ್ದೆವು.

ತ್ರಯೋದಶಿಯ ಮಧ್ಯಾಹ್ನ ಗಾಡಿ ತೊಳೆಯಲು ಹಿರಣ್ಯಕೇಶಿ ಹೊಳೆಗೆ ಒಯ್ದೆ. ಮಿಸ್ತ್ರಿ ಹೇಳಿದ ತಿಂಗಳು ಮುಗಿದಿತ್ತು. ಹಳೆಯ ನೀರನ್ನು ಅಲ್ಲೇ ಬಿಟ್ಟೆ. ಹೊಸ ನೀರಿಗೆ ಮನೆಗೆ ನಡೆದು ಹೋಗಿ ಹಗ್ಗ ಹಾಕಿ ಎರಡು ಕೊಡ ಸೇದಬೇಕು, ಅರಿವೆ ಕಟ್ಟಬೇಕು, ಸೋಸಬೇಕು, ಅರಿವೆಯ ನೀರನ್ನು ಮತ್ತೆ ಬಾವಿಗೆ ಬಿಡಬೇಕು. ಒಂದು ತಾಸಿನ ಕೆಲಸ. ಎದುರಿಗೆ ಹೊಳೆ ಹರಿಯುತ್ತಿತ್ತು, ಮಳೆಗಾಲದ ಕೆಂಪು ನೀರು. ಕೈಯಲ್ಲಿ ಬಕೀಟು ಇತ್ತು. ತುಂಬಿದೆ. ಬಕೀಟಿನಲ್ಲಿ ಕೆಸರು ತಳ ಮುಟ್ಟುವವರೆಗೂ ಕಾಯಲಿಲ್ಲ. ಅರಿವೆ ಆಯಿಯ ಧರ್ಮಕ್ಕೆ, ಎಂಜಿನ್‌ಗಲ್ಲ ಎಂದು ಆಗ ನನ್ನ ತಲೆಯಲ್ಲಿತ್ತು. ಮಿಸ್ತ್ರಿಯ ಮಾತಿನ ಕೆಳಗೆ ಗೆರೆ ಎಳೆದವನೂ ನಾನೇ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ, ಮೂರೇ ತಾಸಿನ ದಾರಿಯೆಂಬ ಭರವಸೆಯಲ್ಲಿ, ಹೊರಟೆವು. ಆಯಿ ಗಾಡಿಯ ಬಾಗಿಲು ಹಿಡಿದು ನಿಂತು ಕೇಳಿದಳು: "ನೀರ ಸೋಸಿ ಹಾಕೀಯೇನೋ ತಮ್ಮಾ?"

"ಹೂಂ ಆಯಿ. ಎರಡ ಪದರ" ಎಂದೆ.

ಸುಮ್ಮನೆ ಹೂಂ ಎಂದಿದ್ದರೂ ಸಾಕಿತ್ತು. ಎರಡು ಪದರ ಎಂದು ಯಾಕೆ ಸೇರಿಸಿದೆನೋ ಗೊತ್ತಿಲ್ಲ. ಲೆಕ್ಕ ಹೇಳಿದರೆ ಮಾತು ನಂಬುವಂತಾಗುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತೇನೋ.

ಮೂರು ನಲವತ್ತಕ್ಕೆ ತವಂದಿ ಘಾಟಿನ ಏರಿನಲ್ಲಿ ಉಗಿ ಎದ್ದಿತು. ಹಳೆಯ ಗಾಡಿಯ ಉಗಿ ಬೆಳ್ಳಗೆ, ಮೆತ್ತಗೆ ಏಳುತ್ತಿತ್ತು. ಇದು ಹಾಗಲ್ಲ, ಸ್ಪ್ರಿಂಗಿನ ಹೊಸ ಮುಚ್ಚಳದ ಸಂದಿಯಿಂದ ಕೆಂಪು ನೀರು ಚಿಮ್ಮಿ ಗಾಜಿಗೆ ಹೊಡೆಯಿತು. ಆ ಬಣ್ಣ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಇಳಿದು ಬಟ್ಟೆಯಿಂದ ಗಾಜನ್ನು ಒರೆಸಿದೆ, ಆಯಿ ನೋಡುವ ಮೊದಲು.

"ಏನಾತೋ?"

"ಪಂಪ್ ಕೆಟ್ಟೈತಿ ಆಯಿ."

ಹೊಯ್ಯಲು ನೀರು ಬೇಕು. ಡಬ್ಬಿಗಳು ಮನೆಯ ಅಟ್ಟದ ಮೇಲಿದ್ದವು. ಆಯಿಯ ಬಳಿ ತನಗೆಂದು ಸೋಸಿ ತಂದ ಒಂದು ತಂಬಿಗೆ ನೀರಿತ್ತು. ಹೊತ್ತು ಮುಳುಗಿದರೆ ಮರುದಿನದವರೆಗೆ ಅವಳು ನೀರು ಮುಟ್ಟುವವಳಲ್ಲ, ಬೇರೆಯವರ ನೀರನ್ನಂತೂ ಇಲ್ಲವೇ ಇಲ್ಲ. ತಂಬಿಗೆ ಮುಂದೆ ಹಿಡಿದಳು.

"ಬ್ಯಾಡ ಆಯಿ. ನೀವ ಕುಡೀರಿ."

"ನನಗೇನ ಏರ ಹತ್ತೂದೈತಿ? ಗಾಡಿ ಕುಡೀಲಿ. ಹಾಕು."

ಎಂಜಿನ್ ಆರಿದ ಮೇಲೆ ಹಾಕಿದೆ. ಅದು ಕಾದ ಹಂಚಿಗೆ ಹನಿ ಬಿದ್ದಂತಾಯಿತು. ಆಮೇಲೆ ಸ್ತವನಿಧಿಯ ಜೈನ ಬಸ್ತಿಯವರೆಗೆ ನಡೆದು, ಅಲ್ಲಿಯ ಪೂಜಾರಿಯಿಂದ ಕೊಡ ಇಸಿದುಕೊಂಡು, ಸೋಸಿದ ನೀರು ತುಂಬಿಸಿಕೊಂಡು ಹೆಗಲ ಮೇಲೆ ತಂದೆ. ಎರಡು ಸಲ. ಮೊದಲ ಕೊಡದೊಂದಿಗೆ ಬಂದಾಗ ಆಯಿ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಪಡುವಣ ನೋಡುತ್ತಿದ್ದಳು. ಮೋಡದ ಹಿಂದೆ ಸೂರ್ಯ ಎಲ್ಲಿದ್ದಾನೆ ಎಂದು ತಿಳಿಯುವಂತಿರಲಿಲ್ಲ.

"ಇಲ್ಲಿ ಬಾ" ಎಂದಳು. "ಒಂದ ಮಾತ ಹೇಳತೇನಿ. ನಿಮ್ಮಪ್ಪಗೂ ಹೇಳಿಲ್ಲ. ಗಂಡ ಸತ್ತಾಗ ನಿಮ್ಮ ಸಣ್ಣಾಯಿಗೆ ಇಪ್ಪತ್ತೆರಡು. ಅಕ್ಕಾ, ನನ್ನ ನಿನ್ನ ಹಂತೇಕ ಕರಕೊಂಡ ಹೋಗು, ಇಲ್ಲಿ ನನಗ ಯಾರೂ ಇಲ್ಲ ಅಂತ ಪತ್ರ ಬರದಿದ್ಳು. ನಾ ಓದಿ ಅಕ್ಕಿ ಡಬ್ಬ್ಯಾಗ ಮುಚ್ಚಿಟ್ಟೆ. ನಮ್ಮತ್ತಿ ಬಾಯಿ ಭಾಳ ಕೆಟ್ಟದ್ದು, ಕೇಳಾಕ ಧೈರ್ಯ ಆಗಲಿಲ್ಲ. ವರ್ಷದ ಮ್ಯಾಲೆ ಒಂದ ಲಗ್ನದಾಗ ಆಕಿ ಕೇಳಿದ್ಳು, ಪತ್ರ ಮುಟ್ಟಿತೇನಕ್ಕಾ ಅಂತ. ಯಾವ ಪತ್ರ ಅಂದೆ."

ನಾನು ಕೊಡವನ್ನು ಕೆಳಗಿಡದೆ ನಿಂತಿದ್ದೆ.

"ಆಕಿಗೆ ಗೊತ್ತೈತಿ. ನನಗ ಗೊತ್ತೈತಿ ಆಕಿಗೆ ಗೊತ್ತೈತಿ ಅಂತ. ಮೂವತ್ತೈದ ವರ್ಷ ಹಿಂಗ. ಇವತ್ತ ಹೇಳಿಬಿಡತೇನಿ. ಆಕಿ ಬಾಯಿ ತುಂಬ ಬೈಲಿ. ಬೈಯಾಕ ಬಾಯಿ ಇರೂದರೊಳಗ ನನ್ನ ಅಲ್ಲಿಗೆ ಮುಟ್ಟಸಪಾ."

ನನ್ನ ಸುಳ್ಳನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಇಬ್ಬರೂ ರಸ್ತೆಬದಿಯಲ್ಲಿ, ಒಬ್ಬರದು ಪತ್ರ, ಒಬ್ಬರದು ನೀರು. ನಾನು ಮುಚ್ಚಳ ತೆಗೆದು ನೀರು ಹೊಯ್ಯತೊಡಗಿದೆ.

ಐದು ಐವತ್ತಕ್ಕೆ ಮತ್ತೆ ಹೊರಟೆವು. ಪೂಜಾರಿ ಕೊಡವನ್ನು ಇಟ್ಟುಕೊಳ್ಳಿ ಎಂದಿದ್ದ. ನಿಪ್ಪಾಣಿಯಲ್ಲಿ ಒಮ್ಮೆ, ಆಮೇಲೆ ಮೂರು ಕಡೆ ನಿಂತೆವು. ಇಚಲಕರಂಜಿಯ ಓಣಿ ಹೊಕ್ಕಾಗ ಏಳು ಐವತ್ತು. ದೀಪ ಹಚ್ಚಿದ್ದರು. ಸಣ್ಣಾಯಿಯ ಮನೆ ಹತ್ತಿರವಾದಂತೆ ನನಗೆ ಏನೋ ತಪ್ಪಿದಂತೆ ಅನ್ನಿಸಿತು. ಆಮೇಲೆ ತಿಳಿಯಿತು, ಮಗ್ಗಗಳ ಸಪ್ಪಳ ಇರಲಿಲ್ಲ. ಅವಳಿಗಾಗಿ ಎಂಟನ್ನೂ ನಿಲ್ಲಿಸಿದ್ದರು.

ಮನೆಯ ಸೊಸೆ ಬಾಗಿಲಿಗೆ ಬಂದಳು. "ಬರ್ರಿ ದೊಡ್ಡಾಯಿ. ಹೊತ್ತ ಮುಳಗೂತನಕಾ ದಾರಿ ನೋಡಿದ್ರು. ಕಡೀಕ 'ಅಕ್ಕ ಬಂದ್ಳೇನು' ಅಂತ ಕೇಳಿದ್ರು. ಇಲ್ರಿ ಅಂದೆ. ಆಮ್ಯಾಲ ಮೌನ ಹಿಡದ್ರು."

ಆಯಿ ಚಾಪೆಯ ಪಕ್ಕ ಕೂತು ತಂಗಿಯ ಕಿವಿಯ ಹತ್ತಿರ ಬಾಯಿ ಒಯ್ದಳು. ಮಗ್ಗ ನಿಂತಿದ್ದರಿಂದ ಅದರ ಅವಶ್ಯಕತೆ ಇರಲಿಲ್ಲ, ರೂಢಿ. "ಪತ್ರ ಮುಟ್ಟಿತ್ತು ತಂಗಿ" ಎಂದಳು. "ನಾ ಓದಿದ್ನಿ." ಸಣ್ಣಾಯಿ ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿದಳು. ಚಾಪೆಯ ಮೇಲಿದ್ದ ಕೈಯನ್ನು ಸ್ವಲ್ಪ ಎತ್ತಿ ಮತ್ತೆ ಅಲ್ಲೇ ಇಟ್ಟಳು.

ಹೊರಟಾಗಿನಿಂದ ಆಯಿ ಒಂದು ಗುಟುಕೂ ನೀರು ಕುಡಿದಿರಲಿಲ್ಲ, ಇನ್ನು ಬೆಳಗಿನವರೆಗೆ ಕುಡಿಯುವಂತೆಯೂ ಇರಲಿಲ್ಲ. ಅವಳ ತಂಬಿಗೆಯ ನೀರು ಗಾಡಿಯಲ್ಲಿತ್ತು.

ಮರುದಿನ ಆಯಿಯನ್ನು ಅಲ್ಲೇ ಬಿಟ್ಟು ಕೊಲ್ಲಾಪುರಕ್ಕೆ ಹೋದೆ. ಮಿಸ್ತ್ರಿ ರೇಡಿಯೇಟರ್ ಬಿಚ್ಚಿ, ಕೆಳಗೆ ತಗಡಿನ ತಟ್ಟೆ ಇಟ್ಟು ತಲೆಕೆಳಗು ಮಾಡಿ ಬಡಿದ. ಕೆಂಪು ಕೆಸರು ಗಂಜಿಯ ಹಾಗೆ ಇಳಿಯಿತು, ಹುಲ್ಲಿನ ಎಳೆಗಳೂ.

"ಹೊಳೀ ನೀರೇನ್ರಿ?"

"ಅಲ್ಲ. ಬಾವೀದು."

ಅವನು ಕೆಸರಿನಲ್ಲಿ ಬೆರಳಾಡಿಸಿ ಏನನ್ನೋ ಎತ್ತಿ ಅಂಗೈಯಲ್ಲಿಟ್ಟು ತೋರಿಸಿದ. ಉಗುರಿನಷ್ಟು ಉದ್ದದ ಮೀನು, ಕುದಿದು ಬಿಳುಚಿದ್ದು. "ನಿಮ್ಮ ಬಾವ್ಯಾಗ ಮೀನ ಭಾಳ ಅದಾವೇನ್ರಿ?"

ನಾನು ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಪಂಪ್ ಏಕದಂ ಠೀಕ ಐತಿ" ಎಂದ. ಬೇಸರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಆಜೀಗ ನಾ ಏನೂ ಹೇಳೂದಿಲ್ಲ. ಹೇಳೂದಿದ್ರ ನೀವ ಹೇಳ್ರಿ."

ಅವನು ಒಳಗೆ ಹೋದ ಮೇಲೆ ನಾನು ತಟ್ಟೆಯ ಮುಂದೆ ಕೂತು ಎಣಿಸಿದೆ. ಮೀನು ಎರಡು. ಅಕ್ಕಿಕಾಳಿನಷ್ಟು ಸಣ್ಣ ಬಸವನಹುಳು ಹನ್ನೊಂದು. ಎಣಿಸದೆ ಇರಲು ನನಗೆ ಬರುವುದಿಲ್ಲ. ಬರಿಗಣ್ಣಿಗೆ ಕಂಡವು ಇಷ್ಟು. ಅಂಗಳದ ಬೇವಿನ ಬುಡದಲ್ಲಿ ಮಣ್ಣು ಮಾಡಿದೆ.

ಡೈರಿಯಲ್ಲಿ ಆ ಚತುರ್ದಶಿಯ ಪುಟದಲ್ಲಿ ಹೀಗಿದೆ: "೩-೪೦, ತವಂದಿ ಘಾಟ. ಪಂಪ್ ಕೆಟ್ಟಿತು." ಅಪ್ಪನಿಗೂ ಹಾಗೆಯೇ ಹೇಳಿದೆ. ಕೊಲ್ಲಾಪುರದ ಆ ಮಿಸ್ತ್ರಿಯ ಕೆಲಸ ಕಚ್ಚಾ ಎಂದು ಅಪ್ಪ ಪೇಟೆಯಲ್ಲಿ ಎಷ್ಟು ಜನರಿಗೆ ಹೇಳಿದರೋ ಅದರ ಲೆಕ್ಕ ನಾನು ಇಡಲಿಲ್ಲ.

ಸಣ್ಣಾಯಿ ಒಂಬತ್ತನೆಯ ದಿನ ತೀರಿಕೊಂಡಳು, ಮಾತಾಡದೆ. ಆಯಿಯನ್ನು ಕರೆತರುವಾಗ ದಾರಿಯಲ್ಲಿ ಅವಳು ಕೇಳಿದ್ದು ಒಂದೇ: "ಆ ಕೈ ಎತ್ತಿದ್ಳಲ್ಲ, ಏನಂದ್ಲೋ ಅದು?"

"ಕ್ಷಮಾ ಮಾಡಿದ್ರು ಆಯಿ."

"ನಿನಗ ಹೆಂಗ ಗೊತ್ತು? ಸಾಕು ಬಿಡು ಅಂದ್ಲೋ ಏನೋ. ಕೈ ನೋವಾಗಿತ್ತೋ ಏನೋ."

ಭಾದ್ರಪದದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ ಬರುತ್ತದೆ. ಅಂದು ದೊಡ್ಡವರು ಸಣ್ಣವರೆನ್ನದೆ ಎಲ್ಲರೂ ಎಲ್ಲರಿಗೂ ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನಬೇಕು. ಆಯಿ ನನ್ನ ಮುಂದೆಯೂ ಬಂದು ಕೈಮುಗಿಯುತ್ತಿದ್ದಳು. ನಾನೂ ಮುಗಿದು ಅದೇ ಮಾತು ಹೇಳುತ್ತಿದ್ದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ತಿಳಿದು ಮಾಡಿದ್ದು ತಿಳಿಯದೆ ಮಾಡಿದ್ದರ ಮರೆಯಲ್ಲಿ ದಾಟಿಹೋಗುತ್ತಿತ್ತು. ನಾಲ್ಕು ವರ್ಷ, ನಾಲ್ಕು ಸಲ.

ಈ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಆಯಿ ನನ್ನ ಕೋಣೆಗೆ ಬಂದು ಕಟ್ಟೆಯ ಮೇಲೆ ಕೂತಳು. ಕಣ್ಣು ಮಂಜಾಗಿವೆ, ಓದಲಾಗುವುದಿಲ್ಲ.

"ನಿನ್ನ ಬುಕ್ಕಿನ್ಯಾಗ ಎಲ್ಲಾ ಇರತೈತಲ್ಲೋ? ಅವತ್ತ ಇಚಲಕರಂಜಿಗೆ ಎಷ್ಟ ತಡಾ ಆತು, ನೋಡಿ ಹೇಳ."

ಹುಡುಕುವ ಅಗತ್ಯವಿರಲಿಲ್ಲ, ಆದರೂ ಪುಟ ತಿರುವಿದೆ. "ಹೊತ್ತ ಮುಳಗಿದ್ದು ಏಳೂ ಹತ್ತು. ನಾವು ಮುಟ್ಟಿದ್ದು ಏಳೂ ಐವತ್ತು. ನಲವತ್ತ ನಿಮಿಷ ಆಯಿ."

"ಭಾಳಲ್ಲ" ಎಂದಳು. ಆಮೇಲೆ, "ಗಾಡಿ ಯಾಕ ನಿಂತಿತ್ತು ಅಂತ ಬರದೀ?"

"ಪಂಪ್" ಎಂದು ಓದಿದೆ. ಮುಂದಿನ ಶಬ್ದ ಬರಲಿಲ್ಲ. ಅವಳು ಕಿವಿಗೊಟ್ಟು ಕಾಯುತ್ತಿದ್ದಳು. ನನ್ನ ಕೈಬರಹದಲ್ಲಿ ಅವಳಿಗೆ ಅಷ್ಟು ನಂಬಿಕೆ. ನೋಟ್‌ಬುಕ್ಕು ಮುಚ್ಚಿ ಎಲ್ಲವನ್ನೂ ಹೇಳಿದೆ: ಹೊಳೆ, ಬಕೀಟು, ಎರಡು ಪದರ ಎಂದ ಮಾತು, ಒರೆಸಿದ ಗಾಜು, ತಗಡಿನ ತಟ್ಟೆ, ಮಿಸ್ತ್ರಿ.

ಆಯಿ ಬಯ್ಯಲಿಲ್ಲ. ತಂಗಿಯ ಮಾತನ್ನೂ ಎತ್ತಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಆಮೇಲೆ ಕೇಳಿದಳು:

"ಎಷ್ಟ ಜೀವ ಹೋದುವೋ?"

ಯಾಕೆ ಕೇಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಗೊತ್ತಾಗಿ ಹೋದ ಜೀವ ಒಂದಕ್ಕೆ ಒಂದು ಉಪವಾಸ ಅವಳ ಪದ್ಧತಿ. ಒಮ್ಮೆ ಒಲೆಯ ಕಟ್ಟಿಗೆಯಲ್ಲಿ ಇರುವೆ ಸುಟ್ಟಾಗಲೂ ಮಾಡಿದ್ದಳು. ಗಾಡಿ ಹೊರಟದ್ದು ತನಗಾಗಿ, ಆದ್ದರಿಂದ ಪಾಪ ತನ್ನದು ಎನ್ನುತ್ತಾಳೆ. ಎಪ್ಪತ್ತಾರು ವಯಸ್ಸು. ನೀರೂ ಇಲ್ಲದ ಉಪವಾಸ, ಹದಿಮೂರು.

"ಎರಡು" ಎಂದೆ.

"ಎರಡ?"

"ಹೌದ ಆಯಿ. ಎರಡ ಮೀನು."

ಮುಂದಿನ ಅಷ್ಟಮಿಗೆ ಒಂದು, ಚತುರ್ದಶಿಗೆ ಒಂದು ಉಪವಾಸ ಮಾಡಿ ಮುಗಿಸಿದಳು. ಎರಡನೆಯ ದಿನ ಸಂಜೆ ಅವಳ ತುಟಿ ಒಡೆದಿತ್ತು. ಮರುದಿನ ಬೆಳಿಗ್ಗೆ ನಾನೇ ಬಾವಿಯಿಂದ ನೀರು ಸೇದಿ, ಸೋಸಿ, ಅರಿವೆಯ ನೀರನ್ನು ಬಾವಿಗೆ ಮರಳಿ ಬಿಟ್ಟು, ತಂಬಿಗೆ ಒಯ್ದು ಕೊಟ್ಟೆ. ಕುಡಿಯುವ ಮೊದಲು ಅವಳು ಏನನ್ನೂ ಕೇಳಲಿಲ್ಲ. ಸೋಸಿದ್ದೇನೋ ಎಂದು ಕೇಳುತ್ತಾಳೆಂದು ಕಾಯುತ್ತ ನಿಂತಿದ್ದೆ.

ಆ ವಾರವೇ ಕೊಲ್ಲಾಪುರಕ್ಕೆ ಹೋಗಿ ಮಿಸ್ತ್ರಿಗೆ ಕೈಮುಗಿದು ಬಂದೆ. ಅಪ್ಪನಿಗೂ ಪಂಪ್ ಚೆನ್ನಾಗಿಯೇ ಇತ್ತೆಂದು ಹೇಳಿದೆ. ಉಳಿದ ಹನ್ನೊಂದು ಉಪವಾಸಗಳನ್ನು ನಾನು ಹಿಡಿದಿದ್ದೇನೆ. ಅಷ್ಟಮಿ, ಚತುರ್ದಶಿಗಳಲ್ಲಿ. ಇಲ್ಲಿಯವರೆಗೆ ಏಳಾಗಿವೆ. ಮೊಮ್ಮಗ ತಿಥಿ ತಪ್ಪದೆ ಉಪವಾಸ ಮಾಡುವುದನ್ನು ಆಯಿ ಗಮನಿಸಿದ್ದಾಳೆ. ಯಾಕೆಂದು ಕೇಳಿಲ್ಲ. ಇಂದು ಬೆಳಿಗ್ಗೆ ಅಂಗಳದಲ್ಲಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ನಮ್ಮ ಹುಡುಗಗ ಈ ವರ್ಷ ಭಾಳ ಧರ್ಮ ಬಂದೈತಿ ನೋಡವಾ."

ನಾನು ಒಳಗೆ ಕೂತು ಇದನ್ನು ಬರೆಯುತ್ತಿದ್ದೆ. ಇನ್ನೂ ನಾಲ್ಕು ಉಳಿದಿವೆ.